ಮುಖವಾಡದ ರಕ್ಷಕನಿಗೆ ವಿಳಾಸವುಂಟೇ?

ಅಮೆರಿಕದ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ 1939ರ ಜನವರಿ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಒಂದು ಕೊಳೆಗೇರಿಯನ್ನು ನೆಲಸಮ ಮಾಡುತ್ತಾನೆ. ಅಲ್ಲಿನ ಹುಡುಗರು ಕಳ್ಳತನಕ್ಕೆ ಇಳಿಯಲು ಅವರ ಹುಟ್ಟುಗುಣ ಕಾರಣವಲ್ಲ, ಅವರು ಬೆಳೆದ ಕೊಳಕು ವಠಾರಗಳೇ ಕಾರಣ ಎಂಬ ತೀರ್ಮಾನಕ್ಕೆ ಅವನು ಬಂದಿರುತ್ತಾನೆ. ಚಂಡಮಾರುತಕ್ಕೆ ಸಿಕ್ಕಿ ಹಾಳಾದ ಊರಿಗೆ ಸರ್ಕಾರ ಹೊಸ ಮನೆಗಳನ್ನು ಕಟ್ಟಿಸಿಕೊಡುತ್ತಿರುವ ಸುದ್ದಿಯನ್ನು ಓದಿದಾಗ ಅವನಿಗೆ ಉಪಾಯ ಹೊಳೆಯುತ್ತದೆ. ತಾನೇ ಚಂಡಮಾರುತವಾಗಿ ಬೀಸಿದರಾಯಿತು! ನಿವಾಸಿಗಳನ್ನು ಹೊರಡಿಸಿ ಬರಿಗೈಯಿಂದಲೇ ಗೋಡೆಗಳನ್ನು ಉರುಳಿಸುತ್ತಾನೆ. ಪಡೆಗಳು ಅವನನ್ನು ಬೆನ್ನಟ್ಟುತ್ತವೆ. ವಿಮಾನಗಳು ಬಾಂಬು ಎಸೆಯುತ್ತವೆ. ಅವನು ಕೆಡವದೆ ಉಳಿದದ್ದನ್ನು ಅವು ಕೆಡವುತ್ತವೆ. ಕೊನೆಗೆ ಸರ್ಕಾರ ಅಲ್ಲಿ ಹೊಸ ವಸತಿ ಸಮುಚ್ಚಯವನ್ನು ನಿರ್ಮಿಸುತ್ತದೆ. ಅಧಿಕಾರಿಯಾಗಿ ತಾನು ಅವನನ್ನು ಹಿಡಿಯಲೇಬೇಕು, ಆದರೆ ವೈಯಕ್ತಿಕವಾಗಿ ಅವನು ಮಾಡಿದ್ದು ಒಳ್ಳೆಯ ಕೆಲಸವೇ ಎನ್ನುವುದು ಅಲ್ಲಿನ ಪೊಲೀಸ್ ಮುಖ್ಯಸ್ಥನ ನಿಲುವು.

ಈ ಕಥೆಯಲ್ಲಿ ಒಂದು ಪುಟ ಕಾಣೆಯಾಗಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹಳೆಯ ಮನೆ ಬಿದ್ದ ರಾತ್ರಿಗೂ ಹೊಸ ಮನೆ ಎದ್ದ ದಿನಕ್ಕೂ ನಡುವೆ ಆ ಜನ ಎಲ್ಲಿ ಮಲಗಿದರು? ಸರ್ಕಾರ ಮನೆ ಕಟ್ಟಿಸದೇ ಇದ್ದಿದ್ದರೆ ಅವರು ಯಾರ ಬಳಿ ಹೋಗಿ ಕೇಳಬೇಕಿತ್ತು? ಆಕಾಶದಲ್ಲಿ ಹಾರಿಹೋದವನನ್ನೇ?

ಸೂಪರ್‌ಹೀರೊಗಳು ನಿಜವಾಗಿಯೂ ಇದ್ದಿದ್ದರೆ ಜನ ಅವರನ್ನು ನಂಬುತ್ತಿದ್ದರೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬಾಲಿಶವೆನಿಸಬಹುದು. ಚಿತ್ರಮಂದಿರದಿಂದ ಹೊರಬರುವ ಹರೆಯದವರ ಹರಟೆಯ ವಿಷಯವೆಂದು ಹಿರಿಯರು ಅದನ್ನು ತಳ್ಳಿಹಾಕಲೂಬಹುದು. ಆದರೆ ಕಾನೂನಿನ ಹೊರಗೆ ನಿಂತು ನಮಗೆ ಒಳಿತು ಮಾಡುತ್ತೇನೆನ್ನುವವನ ಕೈಗೆ ನಾವು ಎಷ್ಟು ಅಧಿಕಾರ ಕೊಡಲು ಸಿದ್ಧರಿದ್ದೇವೆ ಎಂಬುದೇ ಆ ಪ್ರಶ್ನೆಯ ತಿರುಳು. ಆ ಅರ್ಥದಲ್ಲಿ ಅದು ವಯಸ್ಕರ ಪ್ರಶ್ನೆ, ಮತದಾರರ ಪ್ರಶ್ನೆ.

ಅಂಥವರನ್ನು ಜನ ನಂಬಲಾರರು, ಹೆದರುತ್ತಾರೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ನನ್ನ ಅಭಿಪ್ರಾಯ ಬೇರೆ. ಜನ ನಂಬುತ್ತಾರೆ. ಹಿಂದುಮುಂದು ವಿಚಾರಿಸದೆ, ಒಂದೇ ದಿನದಲ್ಲಿ ನಂಬುತ್ತಾರೆ. ತೊಡಕಿರುವುದು ಹಾಗೆ ಕೊಟ್ಟ ನಂಬಿಕೆಯನ್ನು ಹಿಂದಕ್ಕೆ ಪಡೆಯುವ ದಾರಿ ಇಲ್ಲದಿರುವುದರಲ್ಲಿ. ಒಂದು ಸಂಸ್ಥೆಯ ಮೇಲೆ ನಾವಿಡುವ ನಂಬಿಕೆ ಬ್ಯಾಂಕಿನ ಠೇವಣಿಯಿದ್ದಂತೆ. ರಸೀದಿ ಇರುತ್ತದೆ, ಬೇಡವೆನಿಸಿದಾಗ ಹಿಂತೆಗೆದುಕೊಳ್ಳಬಹುದು, ಕೊಡದಿದ್ದರೆ ದೂರಬಹುದು. ಸೂಪರ್‌ಹೀರೊವಿನ ಮೇಲಿಡುವ ನಂಬಿಕೆ ದೇವರ ಹುಂಡಿಗೆ ಹಾಕಿದ ಕಾಣಿಕೆ. ಹಾಕಿದ ಮೇಲೆ ಮುಗಿಯಿತು.

ಈ ಕಥೆಗಳನ್ನು ಬರೆದವರಿಗೆ ಇದು ತಿಳಿಯದ ವಿಷಯವೇನಲ್ಲ. 1986-87ರಲ್ಲಿ ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ರಚಿಸಿದ ‘ವಾಚ್‌ಮೆನ್’ ಸರಣಿಯಲ್ಲಿ ಮುಖವಾಡಧಾರಿಗಳ ವಿರುದ್ಧ ಜನ ಬೀದಿಗಿಳಿಯುತ್ತಾರೆ, ಪೊಲೀಸರು ಮುಷ್ಕರ ಹೂಡುತ್ತಾರೆ, ಸರ್ಕಾರ ನಿಷೇಧದ ಕಾಯ್ದೆ ತರುತ್ತದೆ. 2004ರ ‘ದಿ ಇನ್‌ಕ್ರೆಡಿಬಲ್ಸ್’ ಮಕ್ಕಳ ಚಿತ್ರವೆಂದು ಹೆಸರಾದರೂ ಅದರ ಆರಂಭದಲ್ಲಿರುವುದು ಶುದ್ಧ ನ್ಯಾಯಶಾಸ್ತ್ರದ ತಮಾಷೆ: ಸಾಯಲು ಹೊರಟವನನ್ನು ಹೀರೊ ಬದುಕಿಸುತ್ತಾನೆ, ಬದುಕಿದವನು ಅವನ ಮೇಲೆಯೇ ದಾವೆ ಹೂಡುತ್ತಾನೆ. 2006ರಲ್ಲಿ ಆರಂಭವಾದ ಮಾರ್ವೆಲ್ ಸಂಸ್ಥೆಯ ‘ಸಿವಿಲ್ ವಾರ್’ ಸರಣಿಯಲ್ಲಿ ಹೊಣೆಗೇಡಿ ಹೀರೊಗಳ ಕಾಳಗದಿಂದ ಶಾಲಾ ಮಕ್ಕಳು ಸೇರಿ ನೂರಾರು ಜನ ಸತ್ತ ಬಳಿಕ, ಎಲ್ಲರೂ ತಮ್ಮ ನಿಜ ಹೆಸರನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಾಯ್ದೆ ಬರುತ್ತದೆ. ಹೀರೊಗಳ ಪೈಕಿ ಅರ್ಧದಷ್ಟು ಜನ ಅದಕ್ಕೆ ಒಪ್ಪದೆ ತಮ್ಮತಮ್ಮಲ್ಲೇ ಹೊಡೆದಾಡುತ್ತಾರೆ. ಹೆಸರು ಹೇಳಬೇಕಾದೀತು ಎಂಬ ಒಂದೇ ಕಾರಣಕ್ಕೆ!

ಹೆಸರಿನ ಮಾತು ಬಂದಾಗ ನನಗೆ ಸ್ಪೈಡರ್‌ಮ್ಯಾನ್ ಕಥೆಗಳಲ್ಲಿ ಬರುವ ‘ಡೈಲಿ ಬ್ಯೂಗಲ್’ ಪತ್ರಿಕೆಯ ಜೆ. ಜೋನಾ ಜೇಮ್ಸನ್ ನೆನಪಾಗುತ್ತಾನೆ. 1963ರಿಂದಲೂ ಓದುಗರು ಅವನನ್ನು ಸಿಡುಕನೆಂದು, ಕೃತಘ್ನನೆಂದು ನಗುತ್ತಲೇ ಬಂದಿದ್ದಾರೆ. ಗಗನಯಾತ್ರಿಯಾದ ತನ್ನ ಮಗನ ಪ್ರಾಣವನ್ನೇ ಸ್ಪೈಡರ್‌ಮ್ಯಾನ್ ಉಳಿಸಿದರೂ ಅವನ ವಿರುದ್ಧ ಸಂಪಾದಕೀಯ ಬರೆಯುವ ಮನುಷ್ಯ ಆತ. ಅವನ ಭಾಷೆ ಅತಿರೇಕದ್ದು, ಉದ್ದೇಶವೂ ಶುದ್ಧವಲ್ಲ. ಆದರೆ ಅವನೆತ್ತುವ ಪ್ರಶ್ನೆ ಪತ್ರಿಕೆಯೊಂದು ಎತ್ತಲೇಬೇಕಾದದ್ದು: ಒಳ್ಳೆಯ ಕೆಲಸವನ್ನೇ ಮಾಡುವುದಾದರೆ ಮುಖವೇಕೆ ಮುಚ್ಚಿಕೊಳ್ಳಬೇಕು? ಅಂದಹಾಗೆ, ಆ ಪತ್ರಿಕೆಗೆ ಸ್ಪೈಡರ್‌ಮ್ಯಾನ್‌ನ ಛಾಯಾಚಿತ್ರಗಳನ್ನು ಮಾರುವವನು ಸ್ವತಃ ಸ್ಪೈಡರ್‌ಮ್ಯಾನನೇ. ತನ್ನ ಸಾಹಸವನ್ನು ತಾನೇ ಚಿತ್ರೀಕರಿಸಿ ಬೇರೆ ಹೆಸರಿನಲ್ಲಿ ಪತ್ರಿಕೆಗೆ ಮಾರುವ ನಾಯಕನನ್ನು ಇಂದಿನ ಓದುಗರು ಅಷ್ಟು ಮುಗ್ಧವಾಗಿ ಮೆಚ್ಚಲಾರರು ಎಂದುಕೊಳ್ಳುತ್ತೇನೆ.

ಕಥೆಗಳು ಹಾಗಿರಲಿ. ಹಾರುವ ಶಕ್ತಿಯೊಂದನ್ನು ಬಿಟ್ಟರೆ ಉಳಿದೆಲ್ಲ ಲಕ್ಷಣಗಳಿರುವ ರಕ್ಷಕರು ನಿಜ ಜೀವನದಲ್ಲಿ ಬಂದುಹೋಗಿದ್ದಾರೆ. ಅವರನ್ನು ಜನ ಹೇಗೆ ಬರಮಾಡಿಕೊಂಡರು ಎಂಬುದು ದಾಖಲೆಯಲ್ಲಿದೆ.

1984ರ ಡಿಸೆಂಬರ್ 22ರಂದು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ನಾಲ್ವರು ಕಪ್ಪು ವರ್ಣೀಯ ಯುವಕರು ಒಬ್ಬ ಬಿಳಿಯ ಪ್ರಯಾಣಿಕನ ಬಳಿ ಐದು ಡಾಲರ್ ಕೇಳಿದರು. ಆತ ಪರವಾನಗಿ ಇಲ್ಲದ ಪಿಸ್ತೂಲು ತೆಗೆದು ನಾಲ್ವರ ಮೇಲೂ ಗುಂಡು ಹಾರಿಸಿ ಸುರಂಗದ ಹಳಿಗಳ ಮೇಲೆ ನಡೆದು ಮಾಯವಾದ. ಅಪರಾಧಗಳಿಂದ ಬೇಸತ್ತಿದ್ದ ಆ ನಗರ ಅವನನ್ನು ಅಲ್ಲಿಂದಲೇ ಎತ್ತಿ ಆಡಿಸಿತು. ಮಾಹಿತಿ ನೀಡಿ ಎಂದು ಪೊಲೀಸರು ಪ್ರಕಟಿಸಿದ ದೂರವಾಣಿ ಸಂಖ್ಯೆಗೆ ಮಾಹಿತಿಯ ಬದಲು ಅಭಿನಂದನೆಯ ಕರೆಗಳು ಬಂದವು. ಒಂಬತ್ತು ದಿನಗಳ ತರುವಾಯ ಬರ್ನ್‌ಹಾರ್ಡ್ ಗೆಟ್ಸ್ ಎಂಬಾತ ಬೇರೊಂದು ರಾಜ್ಯದ ಠಾಣೆಗೆ ಬಂದು ಶರಣಾದ. ಅಂದರೆ ಆ ಒಂಬತ್ತು ದಿನ ಜನ ಕೊಂಡಾಡಿದ್ದು ಹೆಸರಿಲ್ಲದ, ಮುಖವಿಲ್ಲದ ಒಬ್ಬನನ್ನು. ಪ್ರತಿಯೊಬ್ಬರೂ ಆ ಖಾಲಿ ಜಾಗದಲ್ಲಿ ತಮಗೆ ಬೇಕಾದ ಮುಖವನ್ನು ಕೂರಿಸಿಕೊಂಡಿದ್ದರು. ಆಮೇಲೆ ಅವನ ಹೇಳಿಕೆ ಹೊರಬಂತು: ಆ ಯುವಕರನ್ನು ಕೊಲ್ಲುವುದು, ಆದಷ್ಟೂ ನೋಯಿಸುವುದೇ ತನ್ನ ಉದ್ದೇಶವಾಗಿತ್ತು ಎಂದು ಆತನೇ ಹೇಳಿದ್ದ. 1987ರಲ್ಲಿ ತೀರ್ಪುಗಾರರ ಮಂಡಳಿ ಕೊಲೆಯತ್ನದ ಆರೋಪದಿಂದ ಅವನನ್ನು ಬಿಡುಗಡೆ ಮಾಡಿ, ಅಕ್ರಮ ಪಿಸ್ತೂಲಿನ ಅಪರಾಧಕ್ಕೆ ಮಾತ್ರ ಶಿಕ್ಷೆಗೆ ಗುರಿಪಡಿಸಿತು. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನಿಗೆ 4.3 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 1996ರಲ್ಲಿ ಇನ್ನೊಂದು ಮಂಡಳಿ ಸಿವಿಲ್ ದಾವೆಯಲ್ಲಿ ತೀರ್ಪಿತ್ತಿತು. ಎರಡು ತೀರ್ಪುಗಳಲ್ಲಿ ಯಾವುದು ಸರಿ ಎಂದು ಅಮೆರಿಕನ್ನರು ಇಂದಿಗೂ ವಾದಿಸುತ್ತಾರೆ. ವಾದಿಸಲು ಸಾಧ್ಯವಾದದ್ದು ಅವನಿಗೊಂದು ಹೆಸರು ಸಿಕ್ಕಿದ್ದರಿಂದ ಎಂಬುದನ್ನು ಮರೆಯಬಾರದು.

ಅದೇ ನಗರದಲ್ಲಿ 1979ರಲ್ಲಿ ಕರ್ಟಿಸ್ ಸ್ಲೀವಾ ಎಂಬ ಯುವಕ ‘ಗಾರ್ಡಿಯನ್ ಏಂಜಲ್ಸ್’ ಎಂಬ ಪಡೆಯನ್ನು ಕಟ್ಟಿದ. ಕೆಂಪು ಟೊಪ್ಪಿ, ಬಿಳಿ ಅಂಗಿ, ಕೈಯಲ್ಲಿ ಆಯುಧವಿಲ್ಲ. ರಾತ್ರಿ ರೈಲುಗಳಲ್ಲಿ ಗಸ್ತು. ಮೇಯರ್ ಆರಂಭದಲ್ಲಿ ವಿರೋಧಿಸಿದರೂ ಪ್ರಯಾಣಿಕರು ಮೆಚ್ಚಿದರು. ಪಡೆಯ ಆರಂಭದ ಕೆಲವು ಸಾಹಸಗಳು ಪ್ರಚಾರಕ್ಕಾಗಿ ಹೆಣೆದ ಕಟ್ಟುಕಥೆಗಳೆಂದು 1992ರಲ್ಲಿ ಸ್ಲೀವಾನೇ ಒಪ್ಪಿಕೊಂಡ. ಇಷ್ಟಾದರೂ ಅವನ ಮೇಲಿನ ವಿಶ್ವಾಸ ಪೂರ್ತಿ ಬತ್ತಲಿಲ್ಲ. 2021ರಲ್ಲಿ ಮತ್ತು 2025ರಲ್ಲಿ ನ್ಯೂಯಾರ್ಕ್ ಮೇಯರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಅದೇ ಕೆಂಪು ಟೊಪ್ಪಿಯಲ್ಲಿ ನಿಂತ. ಎರಡು ಸಲವೂ ಸೋತ. ಸೋತದ್ದಕ್ಕಿಂತ ಮುಖ್ಯವಾದ ಸಂಗತಿ, ಅವನನ್ನು ಸೋಲಿಸುವ ಅವಕಾಶ ಜನರಿಗೆ ಸಿಕ್ಕಿದ್ದು.

ಸಿಯಾಟಲ್‌ನ ‘ಫೀನಿಕ್ಸ್ ಜೋನ್ಸ್’ ಅಕ್ಷರಶಃ ವೇಷ ತೊಟ್ಟೇ ಬೀದಿಗಿಳಿದವನು. ಕಪ್ಪು-ಹಳದಿ ಕವಚ, ಮುಖವಾಡ. 2011ರ ಅಕ್ಟೋಬರಿನ ಒಂದು ರಾತ್ರಿ ಜಗಳ ಬಿಡಿಸುತ್ತೇನೆಂದು ಹೋಗಿ ಜನರ ಮೇಲೆ ಮೆಣಸಿನ ದ್ರಾವಣ ಸಿಂಪಡಿಸಿದ. ಅವನ ಪ್ರಕಾರ ಅದು ಹೊಡೆದಾಟ. ದ್ರಾವಣ ಸೋಕಿಸಿಕೊಂಡವರ ಪ್ರಕಾರ ಅಂಥದ್ದೇನೂ ನಡೆದಿರಲಿಲ್ಲ. ಪೊಲೀಸರು ಬಂಧಿಸಿದರು, ಮುಂದೆ ದೋಷಾರೋಪ ಸಲ್ಲಿಕೆಯಾಗಲಿಲ್ಲ. ಆದರೆ ವಿಚಾರಣೆಗೆ ಬಂದ ದಿನ ನ್ಯಾಯಾಲಯದಲ್ಲಿ ಅವನು ಮುಖವಾಡ ತೆಗೆಯಬೇಕಾಯಿತು. ರಾತ್ರಿಯ ಬೀದಿ ಅವನ ಹೆಸರು ಕೇಳಿರಲಿಲ್ಲ, ನ್ಯಾಯಾಲಯ ಮೊದಲು ಕೇಳಿದ್ದೇ ಅದನ್ನು.

ಇದೆಲ್ಲ ಅಮೆರಿಕದ ಹುಚ್ಚು ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಮುಖವಾಡದ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಕಾನೂನಿನ ಹೊರಗೆ ಹೋಗುವ ಸಾಹಸವನ್ನು ನಾವು ಕಾನೂನಿನ ಸಮವಸ್ತ್ರದಿಂದಲೇ ಬಯಸುತ್ತೇವೆ. ಬಿಹಾರದ ಭಾಗಲ್ಪುರದಲ್ಲಿ 1979-80ರಲ್ಲಿ ಪೊಲೀಸರು 30ಕ್ಕೂ ಹೆಚ್ಚು ಬಂಧಿತರ ಕಣ್ಣುಗಳನ್ನು ಚುಚ್ಚಿ ಆಸಿಡ್ ಸುರಿದರು. ಅದು ಬಯಲಾಗಿ ಕೆಲವು ಪೊಲೀಸರನ್ನು ಅಮಾನತು ಮಾಡಿದಾಗ, ಅಲ್ಲಿನ ಜನ ಮೆರವಣಿಗೆ ನಡೆಸಿದ್ದು ಪೊಲೀಸರ ಪರವಾಗಿ.

ಹೈದರಾಬಾದಿನ ಪ್ರಕರಣ ಇನ್ನೂ ಹಸಿಯಾಗಿದೆ. 2019ರ ನವೆಂಬರ್ 27ರ ರಾತ್ರಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ, ಕೊಂದು, ದೇಹವನ್ನು ಸುಡಲಾಯಿತು. ಇಡೀ ದೇಶ ಕುದಿಯಿತು. ಲಾರಿ ಕೆಲಸಗಾರರಾದ ನಾಲ್ವರನ್ನು ಬಂಧಿಸಲಾಯಿತು. ಡಿಸೆಂಬರ್ 6ರ ನಸುಕಿನಲ್ಲಿ ಮಹಜರಿಗೆಂದು ಕರೆದೊಯ್ದಿದ್ದ ಆ ನಾಲ್ವರೂ ಪೊಲೀಸರ ಗುಂಡಿಗೆ ಬಲಿಯಾದರು. ಪಿಸ್ತೂಲು ಕಿತ್ತುಕೊಂಡು ದಾಳಿ ಮಾಡಿದ್ದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು ಎಂಬುದು ಪೊಲೀಸರ ವಿವರಣೆ. ಬೆಳಗಾಗುವಷ್ಟರಲ್ಲಿ ಜನ ಸೇತುವೆಯ ಮೇಲೆ ನಿಂತು ಪೊಲೀಸರ ಮೇಲೆ ಹೂವಿನ ಎಸಳು ಚೆಲ್ಲಿದರು, ಸಿಹಿ ಹಂಚಿದರು. ಅಂದಿನ ಪೊಲೀಸ್ ಆಯುಕ್ತರು ಹುಬ್ಬಳ್ಳಿಯವರಾದ್ದರಿಂದ ನಮ್ಮ ಕಡೆಯೂ ಸಂಭ್ರಮಕ್ಕೆ ಕೊರತೆ ಇರಲಿಲ್ಲ.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್‌ಕರ್ ಅವರ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕರ್ನಾಟಕ ಕೇಡರ್‌ನ ಹಿರಿಯ ಪೊಲೀಸ್ ಅಧಿಕಾರಿಯಾಗಿದ್ದ ಡಿ.ಆರ್. ಕಾರ್ತಿಕೇಯನ್ ಅದರ ಸದಸ್ಯರಲ್ಲೊಬ್ಬರು. ಪೊಲೀಸರ ಕಷ್ಟ ಅರಿಯದವರು ಬರೆದ ವರದಿ ಎನ್ನಲು ಬಾರದು. ಪೊಲೀಸರ ವಿವರಣೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, 10 ಮಂದಿ ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದು ಆಯೋಗ ಹೇಳಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. ಪ್ರಕರಣವನ್ನು ತೆಲಂಗಾಣ ಹೈಕೋರ್ಟಿಗೆ ಕಳಿಸಲಾಯಿತು. ಹೂವು ಚೆಲ್ಲಿದವರಲ್ಲಿ ಎಷ್ಟು ಜನ ಈ ವರದಿಯ ಸುದ್ದಿಯನ್ನಾದರೂ ಓದಿದರು?

ಹಾಗೆಂದು ಹೂವು ಚೆಲ್ಲಿದವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಅವರ ಸಿಟ್ಟು ಸುಳ್ಳಲ್ಲ. ದೆಹಲಿಯ 2012ರ ನಿರ್ಭಯಾ ಪ್ರಕರಣದ ಅಪರಾಧಿಗಳಿಗೆ ಶಿಕ್ಷೆ ಜಾರಿಯಾದದ್ದು 2020ರ ಮಾರ್ಚಿನಲ್ಲಿ. ದೇಶದ ನ್ಯಾಯಾಲಯಗಳಲ್ಲಿ 5 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ‘ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಗಾದೆಯಷ್ಟೇ ಹಳತು. ಹತಾಶನಾದವನಿಗೆ ಆಕಾಶದಿಂದ ಯಾರಾದರೂ ಇಳಿದು ಬರಲಿ ಎನಿಸುವುದು ಸಹಜ.

ಆದರೆ ಇಳಿದು ಬಂದವನು ಯಾರ ಅಂಗಳಕ್ಕೆ ಇಳಿಯುತ್ತಾನೆ? ಹೈದರಾಬಾದಿನಲ್ಲಿ ಹೂವು ಚೆಲ್ಲಿದ ಹಿಂದಿನ ದಿನ, ಡಿಸೆಂಬರ್ 5ರಂದು, ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಅತ್ಯಾಚಾರದ ದೂರು ನೀಡಿದ್ದ ಯುವತಿಯೊಬ್ಬಳು ತನ್ನ ಮೊಕದ್ದಮೆಯ ಸಲುವಾಗಿ ರಾಯ್‌ಬರೇಲಿಗೆ ಹೊರಟಿದ್ದಳು. ದಾರಿಯಲ್ಲಿ ಅವಳಿಗೆ ಬೆಂಕಿ ಹಚ್ಚಲಾಯಿತು. ಡಿಸೆಂಬರ್ 6ರ ರಾತ್ರಿ, ಹೈದರಾಬಾದಿನ ಹೂವು ಇನ್ನೂ ಬಾಡುವ ಮೊದಲೇ, ದೆಹಲಿಯ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಅವಳಿಗೆ ಬೇಕಿದ್ದದ್ದು ಪಿಸ್ತೂಲು ಹಿಡಿದ ಸಾಹಸಿಯಲ್ಲ. ಮನೆಯಿಂದ ನ್ಯಾಯಾಲಯದವರೆಗೆ ಜೊತೆಗೆ ಬರುವ ಒಬ್ಬ ಸಾಧಾರಣ ಕಾನ್‌ಸ್ಟೆಬಲ್ ಸಾಕಿತ್ತು. ಆ ಕೆಲಸಕ್ಕೆ ಯಾರೂ ಹೂವು ಚೆಲ್ಲುವುದಿಲ್ಲ.

ಮನೆ ಕೆಡವುವ ಸೂಪರ್‌ಮ್ಯಾನ್ ಕೂಡ ನಮ್ಮಲ್ಲಿಗೆ ಬಂದ, ಜೆಸಿಬಿ ಏರಿ. ಆರೋಪಿಯ ಮನೆಯನ್ನು ಮರುದಿನವೇ ಉರುಳಿಸುವ ಯಂತ್ರಕ್ಕೆ ಹಲವು ರಾಜ್ಯಗಳಲ್ಲಿ ಜೈಕಾರ ಕೇಳಿಬಂತು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. 15 ದಿನಗಳ ನೋಟಿಸ್ ಕಡ್ಡಾಯ, ನಿಯಮ ಮೀರಿ ಕೆಡವಿದರೆ ಅಧಿಕಾರಿಯೇ ಸ್ವಂತ ಹಣದಿಂದ ನಷ್ಟ ತುಂಬಿಕೊಡಬೇಕು ಎಂದಿತು. ಹೆಂಗಸರು, ಮಕ್ಕಳು, ಮುದುಕರು ರಾತ್ರೋರಾತ್ರಿ ಬೀದಿಗೆ ಬೀಳುವುದನ್ನು ನೋಡಲಾಗದು ಎಂಬ ಮಾತೂ ಆ ತೀರ್ಪಿನಲ್ಲಿದೆ. 1939ರ ಕಥೆಯಲ್ಲಿ ಕಾಣೆಯಾಗಿದ್ದ ಪುಟವನ್ನು 85 ವರ್ಷಗಳ ಬಳಿಕ ಯಾರೋ ಬರೆದಂತೆ ನನಗನಿಸಿತು.

ಕನ್ನಡಿಗರಿಗೆ ವೀರರ ಕಲ್ಪನೆ ಹೊಸದಲ್ಲ. ನಮ್ಮ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಕದ್ದೊಯ್ಯುವವರನ್ನು ಅಡ್ಡಗಟ್ಟಿ ಸತ್ತವನು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನು, ಊರಿಗೆ ಬೆಂಕಿ ಬಿದ್ದಾಗ ಕಾದಾಡಿ ಸತ್ತವನು. ಎಷ್ಟೋ ಕಲ್ಲುಗಳ ಮೇಲೆ ಅವನ ಹೆಸರು, ಅವನ ಊರು, ಆಗ ಆಳುತ್ತಿದ್ದ ಅರಸನ ಹೆಸರು ಕೊರೆದಿರುತ್ತದೆ. ಅವನು ಊರಿನವರಿಗೆ ಗೊತ್ತಿದ್ದ ಮನುಷ್ಯ. ಇಂಥವರ ಮಗ, ಇಂಥ ಕೇರಿಯವನು. ಅದಕ್ಕಿಂತ ಮುಖ್ಯವಾಗಿ, ಅವನು ಸಾಯಬಲ್ಲವನಾಗಿದ್ದ. ಗುಂಡು ತಾಗದ ಮೈಯವನು ಗುಂಡಿಗೆ ಎದೆಯೊಡ್ಡುವುದರಲ್ಲಿ ಶೌರ್ಯವೇನಿದೆ? ಉರಿಯುವ ಕಟ್ಟಡದೊಳಗೆ ನುಗ್ಗುವ ಅಗ್ನಿಶಾಮಕ ದಳದವನನ್ನು ನಾವು ನಂಬುವುದು ಅವನ ಮೈಯೂ ಸುಡುತ್ತದೆ ಎಂಬ ಕಾರಣಕ್ಕೆ. ಕಳೆದುಕೊಳ್ಳಲು ಏನೂ ಇಲ್ಲದ ಸೂಪರ್‌ಮ್ಯಾನ್‌ನನ್ನು ನಾವು ಮೆಚ್ಚಬಹುದು. ಆ ನಂಬಿಕೆ ಅವನ ಮೇಲೆ ಹುಟ್ಟುವುದು ಕಷ್ಟ.

ಇತ್ತೀಚಿನ ಕಾಲದಲ್ಲೂ ನಮಗೆ ಸೂಪರ್‌ಹೀರೊಗಳು ಸಿಕ್ಕಿದ್ದಾರೆ. ಶಂಕರ್‌ನಾಗ್ ಅಭಿನಯದ ‘ಸಾಂಗ್ಲಿಯಾನ’ ಚಿತ್ರ 1988ರಲ್ಲಿ ತೆರೆಗೆ ಬಂದಾಗ, ಅದರ ಹಿಂದಿನ ನಿಜವಾದ ಪೊಲೀಸ್ ಅಧಿಕಾರಿ ಇನ್ನೂ ಸೇವೆಯಲ್ಲಿದ್ದರು. ಮಾರುವೇಷದಲ್ಲಿ ಬೀದಿ ಸುತ್ತಿ ಕೇಡಿಗಳನ್ನು ಹಿಡಿಯುವ ಅಧಿಕಾರಿ ಎಂದರೆ ಆ ತಲೆಮಾರಿನ ಮಕ್ಕಳಿಗೆ ಬ್ಯಾಟ್‌ಮನ್‌ಗಿಂತ ಹತ್ತಿರದವನು. ಸಾಂಗ್ಲಿಯಾನ ಅವರನ್ನು 2004ರಲ್ಲಿ ಬೆಂಗಳೂರು ಉತ್ತರದ ಮತದಾರರು ಲೋಕಸಭೆಗೆ ಆರಿಸಿದರು, ಅದೂ ಜಾಫರ್ ಷರೀಫ್ ಅವರಂಥ ಘಟಾನುಘಟಿಯ ಎದುರು. ಅವರು ಪಕ್ಷ ಬದಲಿಸಿ 2009ರಲ್ಲಿ ಬೆಂಗಳೂರು ಕೇಂದ್ರದಿಂದ ನಿಂತಾಗ ಮತದಾರರು ಸೋಲಿಸಿದರು. ಚಿತ್ರದ ಮೇಲಿನ ಪ್ರೀತಿ ಹಾಗೆಯೇ ಉಳಿಯಿತು, ಮತ ಮಾತ್ರ ಬೇರೆ ಕಡೆ ಹೋಯಿತು. ಠೇವಣಿ ಹಿಂತೆಗೆದುಕೊಳ್ಳುವುದೆಂದರೆ ಇದೇ.

2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರನ್ನು ನೆನೆಯದೆ ಈ ಮಾತು ಮುಗಿಸಲಾಗದು. ಸರ್ಕಾರಿ ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಮುನ್ಸೂಚನೆ ಇಲ್ಲದೆ ನುಗ್ಗಿ, ಲಂಚ ತಿಂದವರನ್ನು ಜನರೆದುರೇ ಗದರಿಸುತ್ತಿದ್ದ ಆ ಹಿರಿಯರನ್ನು ಟಿವಿಯಲ್ಲಿ ನೋಡಿ ಸಂತೋಷಪಡದ ಮನೆ ಆಗ ಇರಲಿಲ್ಲ. ಕ್ಯಾಮೆರಾಗಳ ಮುಂದೆ ನಡೆಯುವ ಅಂಥ ದಾಳಿಗಳ ಬಗ್ಗೆ ನನಗೆ ಆಗಲೂ ಸ್ವಲ್ಪ ಅಳುಕಿತ್ತು, ಈಗಲೂ ಇದೆ. ಆರೋಪ ಸಾಬೀತಾಗುವ ಮೊದಲೇ ಮಾನ ಹೋದ ಗುಮಾಸ್ತನಿಗೆ ಮೇಲ್ಮನವಿ ಎಲ್ಲಿದೆ? ಆದರೂ ವೆಂಕಟಾಚಲ ಅವರಿಗೂ ಮುಖವಾಡದ ಸಾಹಸಿಗೂ ಅಜಗಜಾಂತರವಿತ್ತು. ಅವರಿಗೆ 1984ರ ಕಾಯ್ದೆಯೊಂದರ ಎಲ್ಲೆಯಿತ್ತು, ಐದು ವರ್ಷದ ಅವಧಿಯಿತ್ತು. ಅವಧಿ ಮುಗಿದ ದಿನ ಮನೆಗೆ ಹೋದರು. ಅವರ ನಂತರ ಬಂದ ಸಂತೋಷ್ ಹೆಗ್ಡೆ ಅವರ ಗಣಿ ವರದಿಯಿಂದ 2011ರಲ್ಲಿ ಮುಖ್ಯಮಂತ್ರಿಯೇ ರಾಜೀನಾಮೆ ನೀಡಬೇಕಾಯಿತು. ಮುಂದೆ 2015ರಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಆರೋಪ ಬಂತು: ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಸುಲಿಗೆ ನಡೆದಿದೆ ಎಂದು ಅಂದಿನ ಲೋಕಾಯುಕ್ತರ ಮಗನೇ ಬಂಧನಕ್ಕೊಳಗಾದರು. ಪ್ರತಿಭಟನೆಗಳು ನಡೆದವು, ವಿಶೇಷ ತನಿಖಾ ತಂಡ ರಚನೆಯಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಲೋಕಾಯುಕ್ತರು ರಾಜೀನಾಮೆ ನೀಡಿದರು. ಹುದ್ದೆಗೊಂದು ಕಾಯ್ದೆ, ಕಚೇರಿಗೊಂದು ಬಾಗಿಲು ಇದ್ದದ್ದರಿಂದಲೇ ವಕೀಲರೂ ನಾಗರಿಕರೂ ಆ ಬಾಗಿಲ ಮುಂದೆ ನಿಂತು ‘ಹೊರಡಿ’ ಎನ್ನಲು ಸಾಧ್ಯವಾಯಿತು. ಬ್ಯಾಟ್‌ಮನ್‌ನ ಗುಹೆ ಎಲ್ಲಿದೆಯೆಂದು ಗೋಥಮ್ ನಗರದಲ್ಲಿ ಯಾರಿಗೆ ಗೊತ್ತು?

ಬ್ಯಾಟ್‌ಮನ್ ಎಂದಾಗ ಆ ದೀಪದ ನೆನಪಾಗುತ್ತದೆ. ಅಪಾಯ ಬಂದಾಗ ಗೋಥಮ್‌ನ ಪೊಲೀಸ್ ಕಮಿಷನರ್ ಗಾರ್ಡನ್ ತನ್ನ ಕಚೇರಿಯ ತಾರಸಿಯ ಮೇಲೆ ಬಾವಲಿಯಾಕಾರದ ದೀಪ ಹಚ್ಚುತ್ತಾನೆ. ನಾವೆಲ್ಲ ಆಕಾಶ ನೋಡುತ್ತೇವೆ. ದೀಪ ಹಚ್ಚಿದವನನ್ನು ನೋಡುವುದಿಲ್ಲ. ಸಂಬಳ ಪಡೆಯುವ, ಪ್ರಮಾಣ ಸ್ವೀಕರಿಸಿದ, ಉತ್ತರ ಕೊಡಬೇಕಾದ ಅಧಿಕಾರಿ ಅವನು. ತನ್ನ ಇಲಾಖೆ ಕೆಟ್ಟಿದೆಯೆಂದು ಗೊತ್ತಿದ್ದೂ ಅದನ್ನು ಸರಿಪಡಿಸುವ ಬದಲು ಹೊರಗಿನವನಿಗೆ ಕೆಲಸ ಒಪ್ಪಿಸುತ್ತಾನೆ. ಅದು ಅವನಿಗೂ ಸುಲಭ, ನಗರಕ್ಕೂ ಸುಲಭ.

ನಮ್ಮಲ್ಲೂ ಒಂದು ದೀಪವಿದೆ, ಅಷ್ಟು ಬೆಳಕಿನದಲ್ಲ. ಪೊಲೀಸರ ಮೇಲೆ ದೂರಿದ್ದರೆ ಸಲ್ಲಿಸಲು ಪ್ರತಿ ರಾಜ್ಯದಲ್ಲೂ ಪ್ರಾಧಿಕಾರವಿರಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಆದೇಶಿಸಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಅವಕಾಶ ಕಲ್ಪಿಸಿತು. ಬಾವಲಿ ದೀಪ ಎಲ್ಲಿ ಬೆಳಗುತ್ತದೆಂದು ನಮ್ಮ ಮಕ್ಕಳಿಗೆ ಗೊತ್ತು. ಈ ಪೊಲೀಸ್ ದೂರು ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ಪರಿಚಿತರಲ್ಲಿ ಹತ್ತು ಜನ ವಿದ್ಯಾವಂತರನ್ನು ಕೇಳಿನೋಡಿದೆ. ಒಬ್ಬರು ‘ಅಂಥದ್ದೊಂದು ಇದೆಯೇ?’ ಎಂದರು. ಉಳಿದವರು ಅಷ್ಟನ್ನೂ ಹೇಳಲಿಲ್ಲ.

ಇನ್ನೊಂದು ಆದೇಶ ಅದಕ್ಕಿಂತಲೂ ಹಳೆಯದು, ಅದಕ್ಕಿಂತಲೂ ಸರಳ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಂಧನದ ವೇಳೆ ಪಾಲಿಸಬೇಕಾದ ಸೂತ್ರಗಳನ್ನು ಪಟ್ಟಿ ಮಾಡಿತು. ಮೊದಲನೆಯದೇ ಇದು: ಬಂಧಿಸುವ, ವಿಚಾರಣೆ ನಡೆಸುವ ಪೊಲೀಸರು ತಮ್ಮ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಫಲಕವನ್ನು ಧರಿಸಿರಬೇಕು. ಸೂಪರ್‌ಹೀರೊವಿನ ವೇಷಕ್ಕೆ ಇಷ್ಟು ನೇರವಾದ ವಿರುದ್ಧ ಪದ ಇನ್ನೊಂದಿಲ್ಲ. ಒಬ್ಬನದು ಮುಖ ಮುಚ್ಚುವ ಬಟ್ಟೆ, ಇನ್ನೊಬ್ಬನದು ಎದೆಯ ಮೇಲೆ ಎರಡಿಂಚಿನ ತಗಡು. ನಾನು ನಂಬಿಕೆ ಇಡುವುದಾದರೆ ಆ ತಗಡಿನ ಮೇಲೆ.

ಈಗ ಮಳೆಗಾಲದಲ್ಲಿ ಯಾವುದಾದರೂ ವೃತ್ತದಲ್ಲಿ ನಿಂತು ನೋಡಿ. ಪೊಲೀಸರು ತೊಟ್ಟ ಮಳೆಕೋಟಾಗಲಿ, ಹೊಳೆಯುವ ಜಾಕೆಟ್ಟಾಗಲಿ ಎದೆಯ ಫಲಕವನ್ನು ಮುಚ್ಚಿಬಿಟ್ಟಿರುತ್ತದೆ. ಅದರಲ್ಲಿ ಅವರ ತಪ್ಪೇನಿಲ್ಲ, ಒದಗಿಸಿದ ಬಟ್ಟೆ ಹಾಗಿದೆ. ಜಾಕೆಟ್ಟಿನ ಬೆನ್ನ ಮೇಲೆ ‘ಪೊಲೀಸ್’ ಎಂದು ದೊಡ್ಡದಾಗಿ ಅಚ್ಚು ಹಾಕಿಸುವ ಇಲಾಖೆಗಳು ಎದೆಯ ಭಾಗದಲ್ಲಿ ಒಂದು ಹೆಸರನ್ನೂ ಸಂಖ್ಯೆಯನ್ನೂ ಹೊಲಿಸಿಕೊಡಲು ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿ, ಮುಂದಿನ ಟೆಂಡರಿನಲ್ಲಿ ಆ ಒಂದು ಸಾಲನ್ನು ಸೇರಿಸಲಿ.